ಹದಿನಾಲ್ಕನೇ ಹೇಳಿಕೆಗೆ ನಾನು ಹಾಕಿದ ಟಿಕ್

ಆ ಫಾರಂನ ಹದಿನಾಲ್ಕನೇ ಹೇಳಿಕೆ ನನಗೆ ಈಗಲೂ ಬಾಯಿಪಾಠ. ‘ರೋಗಿಯ ಚಿಕಿತ್ಸೆಯನ್ನು ತೀರ್ಮಾನಿಸುವಾಗ ನರ್ಸ್‌ಗಳ ಅಭಿಪ್ರಾಯ ಕೇಳುವ ಅಗತ್ಯವಿಲ್ಲ.’ ಅದರ ಮುಂದೆ ಐದು ಚೌಕ. ಮೊದಲನೆಯದು ‘ಸಂಪೂರ್ಣ ಒಪ್ಪುತ್ತೇನೆ’, ಕೊನೆಯದು ‘ಸ್ವಲ್ಪವೂ ಒಪ್ಪುವುದಿಲ್ಲ’. ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದ ನಾನು, ಯಾರ ಬಲವಂತವೂ ಇಲ್ಲದೆ, ನನ್ನದೇ ಪೆನ್ನಿನಿಂದ ಮೊದಲನೇ ಚೌಕಕ್ಕೆ ಟಿಕ್ ಹಾಕಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಹಾಗೆ ಉಂಡ ಕಥೆ ಇದು. ಉಂಡು ಸುಮ್ಮನೆ ಕೈ ತೊಳೆದುಕೊಂಡು ಏಳಲಿಲ್ಲ ಅನ್ನುವುದಷ್ಟೇ ನಾನು ಹೇಳಿಕೊಳ್ಳಬಹುದಾದ ಹೆಚ್ಚುಗಾರಿಕೆ.

ನನ್ನ ಮನೆ ಭದ್ರಾವತಿಯಲ್ಲಿ, ಕೆಲಸ ಶಿವಮೊಗ್ಗದಲ್ಲಿ. ಆಸ್ಪತ್ರೆಯ ಹೆಸರು ಬೇಡ. ನಾಲ್ಕು ಮಹಡಿ, ಎರಡು ಲಿಫ್ಟು, ಅದರಲ್ಲೊಂದು ಸದಾ ಕೆಟ್ಟಿರುತ್ತದೆ ಅಂದರೆ ಸಾಕು. ನಾನು ಮೂರನೇ ಮಹಡಿಯ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಬೆಳಿಗ್ಗೆ ಬಸ್ಸು ಹತ್ತಿ ಕಿಟಕಿ ಸಿಕ್ಕರೆ ನಿದ್ದೆ, ಸಿಗದಿದ್ದರೆ ಪಕ್ಕದವರ ಕಷ್ಟಸುಖ. ನಾನು ನರ್ಸ್ ಎಂದು ಗೊತ್ತಾದ ಮೇಲೆ ಬಸ್ಸಿನಲ್ಲಿ ಯಾರೂ ನನಗೆ ನಿದ್ದೆ ಮಾಡಲು ಬಿಟ್ಟಿಲ್ಲ. ಒಬ್ಬರ ಮಂಡಿ, ಇನ್ನೊಬ್ಬರ ಬಿ.ಪಿ., ಮತ್ತೊಬ್ಬರ ಸೊಸೆಯ ಸ್ಕ್ಯಾನಿಂಗ್ ರಿಪೋರ್ಟು.

ಆ ಬಸ್ಸಿನಲ್ಲೇ ದಿನಾ ಸಿಗುತ್ತಿದ್ದವರು ನಮ್ಮ ಹಿಂದಿನ ಬೀದಿಯ ಲೇತ್ ಮಿಸ್ತ್ರಿ. ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ಎಂಥ ಸವೆದ ಶಾಫ್ಟ್ ತಂದುಕೊಟ್ಟರೂ ಹೊಸದರಂತೆ ಮಾಡಿಕೊಡುವ ಕೈ ಅದು ಎಂದು ಅವರ ಹೆಂಡತಿ ಹೆಮ್ಮೆಯಿಂದ ಹೇಳುವಳು. ರಂಜಾನ್ ಹಬ್ಬಕ್ಕೆ ಅವರ ಮನೆಯಿಂದ ಸುರ್‌ಕುಂಬಾ ನಮ್ಮ ಮನೆಗೆ, ಯುಗಾದಿಗೆ ನಮ್ಮ ಹೋಳಿಗೆ ಅವರ ಮನೆಗೆ. ಆಕೆ ನನ್ನನ್ನು ಅಕ್ಕಾ ಎನ್ನುತ್ತಾಳೆ. ಮಿಸ್ತ್ರಿ ಮಾತ್ರ ಬೀದಿಯಲ್ಲಿ ಸಿಕ್ಕರೂ ಸಿಸ್ಟರ್ ಎಂದೇ ಕರೆಯುವುದು.

ಮೂರು ವರ್ಷದ ಹಿಂದೆ ಅವರು ಕಾಲಿನ ಗಾಯ ಮಾಗದೆ ನಮ್ಮ ವಾರ್ಡಿಗೇ ದಾಖಲಾದರು. ಸಕ್ಕರೆ ಕಾಯಿಲೆಯವರ ಗಾಯ. ಸರ್ಜನ್ ಗಾಯ ಕ್ಲೀನ್ ಮಾಡಿದರು, ಫಿಜಿಶಿಯನ್ ಸಕ್ಕರೆ ನೋಡಿದರು. ಒಬ್ಬರು ಬೆಳಿಗ್ಗೆ ಬರುವರು, ಇನ್ನೊಬ್ಬರು ಸಂಜೆ. ಒಂದೇ ಮಂಚದ ಹತ್ತಿರ ಇಬ್ಬರೂ ಒಟ್ಟಿಗೆ ನಿಂತಿದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಹೋಗುವ ದಿನ ಸರ್ಜನ್ ಕಡೆಯಿಂದ ಡಿಸ್ಚಾರ್ಜ್ ಕಾರ್ಡ್ ಬಂತು, ಅದರಲ್ಲಿ ಅವರು ಮೊದಲಿನಿಂದ ನುಂಗುತ್ತಿದ್ದ ಸಕ್ಕರೆ ಮಾತ್ರೆ ಇತ್ತು. ಫಿಜಿಶಿಯನ್ ಕಡೆಯಿಂದ ಬೇರೆ ಚೀಟಿ ಬಂತು, ಅದರಲ್ಲೂ ಸಕ್ಕರೆ ಮಾತ್ರೆ. ಹೆಸರು ಬೇರೆ, ಕಂಪನಿ ಬೇರೆ. ಒಳಗಿರುವುದು ಒಂದೇ ಔಷಧಿಯಿರಬಹುದು ಎಂಬ ಅನುಮಾನ ನನಗೆ ಬಂತು. ಬಂತು ಎಂದು ಈಗ ಧೈರ್ಯವಾಗಿ ಬರೆಯುತ್ತೇನೆ. ಆವತ್ತು ಆ ಅನುಮಾನವನ್ನು ಉಗುಳಿನ ಜೊತೆ ನುಂಗಿದೆ.

ನುಂಗಿದ್ದಕ್ಕೆ ಕಾರಣವಿತ್ತು. ಅದಕ್ಕೂ ಮುಂಚೆ ಒಮ್ಮೆ ಒಂದು ಇಂಜೆಕ್ಷನ್ನಿನ ಪ್ರಮಾಣ ಹೆಚ್ಚಾಯಿತೇನೋ ಎಂದು ಅದೇ ಸರ್ಜನ್ನರನ್ನು ಕೇಳಿದ್ದೆ. ನೀವು ಯಾವ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿದಿರಿ ಎಂದು ಅವರು ರೋಗಿಗಳ ಎದುರಿಗೇ ವಿಚಾರಿಸಿದರು. ಕೆಲವರು ನಕ್ಕರು. ಆ ನಗು ನನ್ನ ಬೆನ್ನಿಗೆ ಅಂಟಿಕೊಂಡೇ ಇತ್ತು.

ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಒಂದು ಸಾಲಿರುತ್ತದೆ: ‘ಔಷಧಿಗಳ ಬಗ್ಗೆ ರೋಗಿಗೆ ವಿವರಿಸಲಾಗಿದೆ.’ ಅದರ ಕೆಳಗೆ ನರ್ಸ್ ಸಹಿ. ಆ ಸಹಿ ಇಲ್ಲದೆ ಬಿಲ್ಲಿಂಗ್ ಕೌಂಟರಿನವರು ರೋಗಿಯನ್ನು ಕಳಿಸುವುದಿಲ್ಲ. ಮಿಸ್ತ್ರಿ ಎರಡೂ ಮಾತ್ರೆಯ ಪಟ್ಟಿಗಳನ್ನು ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿದರು. ಲೋಹ ನೋಡಿ ಪಳಗಿದ ಕಣ್ಣು.

“ಸಿಸ್ಟರ್, ಎರಡೂ ತಗೋಬೇಕಾ?”

“ಡಾಕ್ಟ್ರು ಬರೆದಿದಾರಲ್ಲ, ತಗೊಳ್ಳಿ,” ಎಂದು ಹೇಳಿ ನಾನು ಸಹಿ ಹಾಕಿದೆ.

ಮೂರನೇ ದಿನ ಬೆಳಿಗ್ಗೆ ಸಕ್ಕರೆ ಪಾತಾಳಕ್ಕಿಳಿದು ಅವರು ಬಚ್ಚಲುಮನೆಯ ಕಲ್ಲಿನ ಮೇಲೆ ಬಿದ್ದರು. ಹೆಂಡತಿ ಬಾಯಿಗೆ ಸಕ್ಕರೆ ಹಾಕಿ, ಆಟೋದಲ್ಲಿ ಹಾಕಿಕೊಂಡು ಬಂದಳು. ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿತು, ಹಿಡಿತ ಬರಲಿಲ್ಲ. ಈಗ ಅವರು ಅದೇ ವರ್ಕ್‌ಶಾಪಿನಲ್ಲಿ ಗೇಟಿನ ಹತ್ತಿರ ಕೂತು ಬಂದ ಹೋದ ಸಾಮಾನು ನೋಡಿಕೊಳ್ಳುತ್ತಾರೆ. ಲೇತ್ ಯಂತ್ರದ ಮುಂದೆ ಬೇರೆ ಯಾರೋ ನಿಲ್ಲುತ್ತಾರೆ. ಸರ್ಜನ್ನರು ಫಿಜಿಶಿಯನ್ ಕಡೆ ಬೆರಳು ತೋರಿಸಿದರು, ಫಿಜಿಶಿಯನ್ ಸರ್ಜನ್ ಕಡೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಮುರಿದದ್ದು ಮಿಸ್ತ್ರಿಯ ಕೈ. ಕಾರ್ಡಿನ ಮೇಲಿದ್ದದ್ದು ನನ್ನ ಸಹಿ.

ಆ ಫಿಜಿಶಿಯನ್ ಹೋಗಿ ಅವರ ಜಾಗಕ್ಕೆ ಒಬ್ಬ ಡಾಕ್ಟರಮ್ಮ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ, ಹಟ ಜಾಸ್ತಿ. ನಮ್ಮ ವಾರ್ಡಿನಲ್ಲಿ ಮಾತ್ರ, ಪರೀಕ್ಷೆಗೆಂದು, ಹನ್ನೊಂದು ಗಂಟೆಯ ಜಂಟಿ ರೌಂಡ್ಸ್ ಶುರು ಮಾಡಿಸಿದವರು ಅವರೇ. ಸರ್ಜನ್, ಫಿಜಿಶಿಯನ್, ಫಾರ್ಮಸಿಯವರು, ಪಥ್ಯ ಹೇಳುವವರು, ವ್ಯಾಯಾಮ ಮಾಡಿಸುವವರು, ನಾವು, ಎಲ್ಲರೂ ಒಂದೇ ಮಂಚದ ಸುತ್ತ ನಿಲ್ಲಬೇಕು. ಮೊದಲು ಮಾತಾಡಬೇಕಾದವಳು ಸಿಸ್ಟರ್. ಆಮೇಲೆ ಉಳಿದವರು.

ಮೊದಲ ದಿನ ನನ್ನ ಬಾಯಿಂದ ಬಂದದ್ದು ಜ್ವರ ಮತ್ತು ಬಿ.ಪಿ. ಲೆಕ್ಕ ಮಾತ್ರ. ಅದು ಚಾರ್ಟಿನಲ್ಲೇ ಇತ್ತು. ಡಾಕ್ಟರಮ್ಮ ಕಾಯುತ್ತಾ ನಿಂತರು. ಬೇರೆ ಏನಾದರೂ ಎಂದರು. ಏನಿಲ್ಲ ಮೇಡಂ ಎಂದೆ. ಇಪ್ಪತ್ತು ವರ್ಷ ಕೋಲೆಬಸವನಂತೆ ತಲೆಯಾಡಿಸಿದ ಕುತ್ತಿಗೆ, ಒಂದೇ ದಿನಕ್ಕೆ ನೆಟ್ಟಗಾಗುತ್ತದೆಯೇ? ಆದರೆ ವಾರ ಕಳೆಯುವುದರೊಳಗೆ ರುಚಿ ಹತ್ತಿತು. ಐದನೇ ಮಂಚದ ಅಜ್ಜ ಮಾತ್ರೆಗಳನ್ನು ದಿಂಬಿನ ಕೆಳಗೆ ಸೇರಿಸುತ್ತಿದ್ದಾರೆ ಎಂದೆ. ಎರಡನೇ ಮಂಚದ ಹೆಂಗಸಿಗೆ ಓದಲು ಬರುವುದಿಲ್ಲ, ಚೀಟಿ ಕೊಟ್ಟು ಪ್ರಯೋಜನವಿಲ್ಲ, ಬಣ್ಣ ತೋರಿಸಿ ಹೇಳಬೇಕು ಎಂದೆ. ಹೇಳಿದ್ದನ್ನು ಅವರು ಬರೆದುಕೊಂಡರು. ನಾನು ಹೇಳಿದ್ದನ್ನು ಡಾಕ್ಟರೊಬ್ಬರು ಬರೆದುಕೊಂಡರು! ಆ ದಿನ ಮನೆಗೆ ಹೋಗಿ ಅಕ್ಕಿ ರೊಟ್ಟಿ ತಟ್ಟುತ್ತಾ ಹಾಡು ಗುನುಗಿದೆನಂತೆ. ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ.

ಸರ್ಜನ್ನರಿಗೆ ಇದು ಹಿಡಿಸಲಿಲ್ಲ. ಆಲ್ಕೊಳದಲ್ಲಿ ಅವರ ಮನೆ, ದುರ್ಗಿಗುಡಿಯಲ್ಲಿ ಅವರ ಸ್ವಂತ ಕ್ಲಿನಿಕ್ಕು, ನಡುವೆ ನಮ್ಮ ಆಸ್ಪತ್ರೆ. ಹನ್ನೊಂದಕ್ಕೆ ಬಂದು ಎಲ್ಲರ ಮಾತು ಕೇಳುತ್ತಾ ನಿಲ್ಲುವುದೆಂದರೆ ಅವರಿಗೆ ಬಿಸಿ ಕಾವಲಿಯ ಮೇಲೆ ನಿಂತಂತೆ. ಅವರ ಕೈಗುಣ ಒಳ್ಳೆಯದು, ಅದನ್ನು ಅಲ್ಲಗಳೆಯಲಾರೆ. ಕಿವಿ ಮಾತ್ರ ಮಂದ.

ಆರು ತಿಂಗಳಾದ ಮೇಲೆ ಈ ಪದ್ಧತಿ ಇರಬೇಕೋ ಬೇಡವೋ ತೀರ್ಮಾನಿಸಲು ಆಡಳಿತದವರು ಒಂದು ಸರ್ವೆ ಮಾಡಿಸಿದರು. ಅದಕ್ಕೆಂದು ಹೊರಗಿನಿಂದ ಒಬ್ಬ ಯುವ ಡಾಕ್ಟರು ಬಂದರು. ಸಭ್ಯರು. ಫಾರಂನ ಮೇಲೆ ಇಂಗ್ಲಿಷಿನ ಕೆಳಗೆ ಕನ್ನಡವಿತ್ತು: ‘ಸಮಗ್ರೀಕೃತ ಆಸ್ಪತ್ರೆ ಆರೈಕೆಯ ಕುರಿತು ಆರೋಗ್ಯ ವೃತ್ತಿಪರರ ಮನೋಭಾವ ಮಾಪನ.’ ಅದನ್ನು ಓದಿ ನಮ್ಮ ಆಯಾ, ಇದೇನಮ್ಮ ಮಂತ್ರವಾ ಎಂದಳು. ಎಲ್ಲರೂ ಕೂಡಿ ರೋಗಿಯನ್ನು ನೋಡುವುದು ನಿಮಗೆ ಇಷ್ಟವೋ ಇಲ್ಲವೋ ಎಂದು ಕೇಳುತ್ತಾರಂತೆ ಎಂದೆ. ಅಷ್ಟು ಕೇಳೋಕೆ ನಾಲ್ಕು ಹಾಳೆ ಬೇಕಾ ಎಂದಳು. ಮೂವತ್ತು ಹೇಳಿಕೆ, ಒಂದೊಂದಕ್ಕೂ ಐದು ಚೌಕ. ಹೆಸರು ಬರೆಯಬೇಕಿಲ್ಲ, ಅನಿಸಿದ್ದನ್ನು ಟಿಕ್ ಮಾಡಿ ಎಂದು ಹೇಳಿ ಅವರು ಹದಿನೇಳು ಫಾರಂ ಕೊಟ್ಟು ಹೋದರು. ನಮ್ಮ ವಾರ್ಡಿನ ಸಿಸ್ಟರುಗಳು ಮೂರು ಪಾಳಿಗೂ ಸೇರಿ ಹದಿನೇಳು ಮಂದಿ.

ಇಲ್ಲಿ ನಮ್ಮ ರೂಢಿಯೊಂದನ್ನು ಹೇಳಬೇಕು. ನಮ್ಮಲ್ಲಿ ಯಾವ ಫಾರಂ ಬಂದರೂ ಇನ್‌ಚಾರ್ಜ್ ಮೊದಲು ಒಂದನ್ನು ತುಂಬುತ್ತಾಳೆ. ಡ್ಯೂಟಿ ಲಿಸ್ಟ್ ನೇತುಹಾಕುವ ಮೊಳೆಗೆ ಅದನ್ನು ಸಿಕ್ಕಿಸುತ್ತಾಳೆ. ಅದಕ್ಕೆ ‘ಮಾದರಿ’ ಎಂದು ಹೆಸರು. ಉಳಿದವರು ಅದನ್ನು ನೋಡಿ ತುಂಬುತ್ತಾರೆ. ತಪಾಸಣೆಗೆ ತಂಡ ಬಂದರೂ ಹೀಗೇ, ಟ್ರೈನಿಂಗ್ ಮುಗಿದ ಮೇಲಿನ ಅನಿಸಿಕೆಯೂ ಹೀಗೇ. ಎಲ್ಲರದೂ ಒಂದೇ ಥರ ಇದ್ದರೆ ಯಾರನ್ನೂ ಯಾರೂ ಕರೆದು ಕೇಳುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಬೈಗುಳ ತಿಂದು ತಿಂದು ನಾವೇ ಕಲಿತದ್ದು.

ಮಧ್ಯಾಹ್ನ ಎರಡು ಗಂಟೆ, ಪಾಳಿ ಬದಲಾಗುವ ಹೊತ್ತು. ಒಂದು ಕಡೆ ಹ್ಯಾಂಡೋವರ್, ಇನ್ನೊಂದು ಕಡೆ ಆಪರೇಷನ್ ಮುಗಿಸಿ ಬಂದ ರೋಗಿ. ನಾನು ಮೇಜಿನ ಮೂಲೆಯಲ್ಲಿ ನಿಂತೇ ಫಾರಂ ತೆಗೆದೆ. ಮೊದಲ ಮೂರು ಓದಿದೆ. ‘ಎಲ್ಲರೂ ಒಟ್ಟಾಗಿ ಚರ್ಚಿಸುವುದರಿಂದ ರೋಗಿಗೆ ಒಳ್ಳೆಯದಾಗುತ್ತದೆ.’ ಸಂಪೂರ್ಣ ಒಪ್ಪುತ್ತೇನೆ. ಆಮೇಲೆ ಓದುವುದೇನಿದೆ? ಜಂಟಿ ರೌಂಡ್ಸ್ ನನಗೆ ಬೇಕು. ಮಿಸ್ತ್ರಿಯ ಕೈ ಕಣ್ಣೆದುರಿಗಿತ್ತು. ಏನು ಕೇಳಿದ್ದರೂ ಹೌದು, ಹೌದು, ಹೌದು ಎಂದು ಮೂವತ್ತಕ್ಕೂ ಮೊದಲ ಚೌಕದಲ್ಲೇ ಟಿಕ್ ಎಳೆದೆ. ಪ್ರೀತಿಯಿಂದಲೇ ಎಳೆದೆ. ಮೊಳೆಗೆ ಸಿಕ್ಕಿಸಿದೆ. ಮರುದಿನ ಸಂಜೆಯ ಹೊತ್ತಿಗೆ ಹದಿನೇಳೂ ತಯಾರು, ಒಂದರಂತೆ ಇನ್ನೊಂದು, ಇಡ್ಲಿ ತಟ್ಟೆಯಿಂದ ತೆಗೆದ ಹಾಗೆ.

ತಿಂಗಳಾದ ಮೇಲೆ ಮೀಟಿಂಗ್ ಹಾಲಿನಲ್ಲಿ ಫಲಿತಾಂಶ ಹೇಳಿದರು. ಸರ್ವೆ ಡಾಕ್ಟರು ಪರದೆಯ ಮೇಲೆ ಒಂದೊಂದೇ ಹೇಳಿಕೆ ತೋರಿಸುತ್ತಾ ಹೋದರು. ಕೆಲವು ಹೇಳಿಕೆಗಳನ್ನು ಬೇಕೆಂದೇ ತಿರುವಿ ಹಾಕಿರುತ್ತಾರಂತೆ, ಓದಿ ಉತ್ತರಿಸುತ್ತಾರೋ ಇಲ್ಲವೋ ತಿಳಿಯಲು. ಹದಿನಾಲ್ಕನೆಯದು ಬಂತು. ನರ್ಸ್‌ಗಳ ಅಭಿಪ್ರಾಯ ಕೇಳುವ ಅಗತ್ಯವಿಲ್ಲ ಎಂಬುದನ್ನು ನಮ್ಮ ವಾರ್ಡಿನ ಹದಿನೇಳು ಸಿಸ್ಟರುಗಳೂ ಸಂಪೂರ್ಣ ಒಪ್ಪಿದ್ದರು. ಡಾಕ್ಟರುಗಳಲ್ಲಿ ಕೂಡ ಅಷ್ಟು ಒಮ್ಮತ ಇರಲಿಲ್ಲ. 

ಸರ್ಜನ್ನರು ಕುರ್ಚಿಗೆ ಒರಗಿಕೊಂಡು, “ಇದು ನಾನು ಹೇಳಿದ್ದಲ್ಲ, ನೋಡಿ. ಸಿಸ್ಟರುಗಳೇ ಹೇಳ್ತಿದಾರೆ,” ಎಂದರು. ಹಾಲಿನಲ್ಲಿ ನಗು. ಅದೇ ಹಳೆಯ ನಗು. ಡಾಕ್ಟರಮ್ಮ ನನ್ನತ್ತ ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿದ್ದದ್ದು ಆಶ್ಚರ್ಯ.

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಫೈಲು ಮುಚ್ಚುವುದರಲ್ಲಿದ್ದರು. ನಾನು ಎದ್ದು ನಿಂತೆ. ಆ ಟಿಕ್ ನನ್ನದು, ಓದದೆ ಹಾಕಿದ್ದು, ಉಳಿದ ಹದಿನಾರು ಮಂದಿ ನನ್ನದನ್ನು ನೋಡಿ ಹಾಕಿದ್ದು ಎಂದು ಹೇಳಿದೆ. ಮೊಳೆಯ ವಿಷಯವನ್ನೂ ಬಿಡಲಿಲ್ಲ. ಓದದೆ ಗುರುತು ಹಾಕುವುದು ಇನ್ನೂ ಕೆಟ್ಟದ್ದಲ್ಲವೇ ಎಂದು ಸೂಪರಿಂಟೆಂಡೆಂಟ್ ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು.

“ಕೆಟ್ಟದ್ದೇ ಸರ್,” ಎಂದೆ. “ಆದ್ರೆ ಇಪ್ಪತ್ತೆರಡು ವರ್ಷದಲ್ಲಿ ಓದದೇ ಟಿಕ್ ಹಾಕಿದ್ದಕ್ಕೆ ಇಲ್ಲಿ ನಂಗೆ ಯಾರೂ ಬೈದಿಲ್ಲ. ಓದಿ ಕೇಳಿದ್ದಕ್ಕೇ ಬೈದಿರೋದು.”

ಈ ಸಲ ಯಾರೂ ನಗಲಿಲ್ಲ. ಹೊಸ ಫಾರಂ ಕೊಡಿ, ಒಬ್ಬೊಬ್ಬರೇ ಕೂತು ತುಂಬುತ್ತೇವೆ ಎಂದು ಸರ್ವೆ ಡಾಕ್ಟರನ್ನು ಕೇಳಿದೆ. ಅವರು ಸಂಕಟಪಟ್ಟರು. ಫಲಿತಾಂಶ ಗೊತ್ತಾದ ಮೇಲೆ ಉತ್ತರ ಬದಲಿಸಿದರೆ ಅದು ಅಳತೆಯಾಗುವುದಿಲ್ಲ ಎಂದರು. ಅವರ ಮಾತು ಸುಳ್ಳಲ್ಲ. ಹಾಗಾದರೆ ಸಿಸ್ಟರುಗಳು ನಕಲು ಮಾಡಿದರು ಎಂದು ಬರೆಯಿರಿ, ಯಾಕೆ ಮಾಡಿದರು ಎಂದೂ ಬರೆಯಿರಿ, ಅದೂ ಮನೋಭಾವವೇ ಅಲ್ಲವೇ ಎಂದೆ. ಅವರು ಪೆನ್ನು ತೆಗೆದು ಬರೆದುಕೊಂಡರು. ವರದಿಯಲ್ಲಿ ಸೇರಿಸಿದರೋ ಇಲ್ಲವೋ ನನಗೆ ತಿಳಿಯದು. ಸೋಮವಾರದಿಂದ ಜಂಟಿ ರೌಂಡ್ಸ್ ಇರುವುದಿಲ್ಲ ಎಂಬ ಆದೇಶ ಮಾತ್ರ ಅವತ್ತೇ ನೋಟಿಸ್ ಬೋರ್ಡಿಗೆ ಬಂತು.

ಸಂಜೆ ಬಸ್ಸಿನಲ್ಲಿ ಕಿಟಕಿ ಸಿಕ್ಕಿತ್ತು, ನಿದ್ದೆ ಬರಲಿಲ್ಲ. ಮಾಚೇನಹಳ್ಳಿಯಲ್ಲಿ ಮಿಸ್ತ್ರಿ ಹತ್ತಿದರು, ಎಡಗೈಯಲ್ಲಿ ಕಂಬಿ ಹಿಡಿದು. ಪಕ್ಕದ ಸೀಟು ಬಿಟ್ಟುಕೊಟ್ಟೆ. ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ಟಿಕ್ ಹಾಕಿದ್ದು, ಎಲ್ಲರೂ ನಕ್ಕಿದ್ದು, ರೌಂಡ್ಸ್ ನಿಂತದ್ದು ಎಲ್ಲ ಹೇಳಿದೆ. ಅದರ ಜೊತೆ, ಮೂರು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನೂ ಹೇಳಿಬಿಟ್ಟೆ: ಅವತ್ತು ನನಗೆ ಅನುಮಾನ ಬಂದಿತ್ತು, ಆದರೂ ಸಹಿ ಹಾಕಿದೆ. ಅವರು ಬಲಗೈಯ ಬಗ್ಗದ ಎರಡು ಬೆರಳನ್ನು ಇನ್ನೊಂದು ಕೈಯಿಂದ ಒತ್ತುತ್ತಾ ಕೂತಿದ್ದರು.

“ಆವತ್ತು ಕೇಳಿದ್ದು ನಾನೊಬ್ನೇ ಸಿಸ್ಟರ್,” ಎಂದರು. “ಅಷ್ಟು ದೊಡ್ಡ ಆಸ್ಪತ್ರೇಲಿ ಕೇಳಿದ್ದು ಒಬ್ಬ ಲೇತ್‌ನವನು.”

ಬೈದಿದ್ದರೆ ಹಗುರಾಗುತ್ತಿತ್ತು. ಇದು ಬೈಗುಳವಾಗಿರಲಿಲ್ಲ. ಬಸ್ಸು ಇಳಿದು ಮನೆಗೆ ನಡೆಯುವಾಗ ನನಗೆ ಬಂದದ್ದು ಅಳು ಅಲ್ಲ, ಸಿಟ್ಟು. ಆ ಸಿಟ್ಟು ಸರ್ಜನ್ನರ ಮೇಲೆ ಸ್ವಲ್ಪ, ನನ್ನ ಮೇಲೆ ಬಹಳ.

ಸೋಮವಾರ ನಮ್ಮ ವಾರ್ಡಿನಿಂದ ಮೂವರು ಮನೆಗೆ ಹೋಗುವವರಿದ್ದರು. ಒಂಬತ್ತನೇ ಮಂಚದಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಆಕೆಗೂ ಸರ್ಜನ್ನರದೊಂದು ಕಾರ್ಡು, ಡಾಕ್ಟರಮ್ಮನದೊಂದು ಚೀಟಿ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬರೆದು ಹೋಗಿದ್ದರು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಪೆನ್ನು ತೆಗೆದೆ. ಸಹಿಯ ಜಾಗವನ್ನು ಖಾಲಿ ಬಿಟ್ಟು, ಅದರ ಮೇಲೆ ಸ್ಪಷ್ಟವಾಗಿ ಬರೆದೆ: ‘ಇಬ್ಬರೂ ಡಾಕ್ಟರು ಒಟ್ಟಿಗೆ ನೋಡಿ ಹೇಳಿದ ಮೇಲೆ ರೋಗಿಗೆ ವಿವರಿಸುತ್ತೇನೆ. ಆಮೇಲೆ ಸಹಿ.’ ಅದರ ಒಂದು ಜೆರಾಕ್ಸ್ ತೆಗೆಸಿ, ರೋಗಿಯ ಹೆಸರು ಕತ್ತರಿಸಿ, ಮೊಳೆಗೆ ಸಿಕ್ಕಿಸಿದೆ. ಮಾದರಿ.

ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಉಳಿದೆರಡು ಕಾರ್ಡಿನ ಮೇಲೂ ಅದೇ ಸಾಲು ಬಂತು. ನಕಲು ಮಾಡುವುದರಲ್ಲಿ ನಮ್ಮ ಸಿಸ್ಟರುಗಳನ್ನು ಮೀರಿಸುವವರಿಲ್ಲ.

ಬಿಲ್ಲಿಂಗಿನಿಂದ ಫೋನು, ನರ್ಸಿಂಗ್ ಸೂಪರಿಂಟೆಂಡೆಂಟರಿಂದ ಫೋನು. ಏನ್ ಮಾರಾಯ್ತಿ ಇದು, ನಾನು ರಿಟೈರ್ ಆಗೋವರ್ಗಾದ್ರೂ ಸುಮ್ನಿರಬಾರದಾ ಎಂದು ಅವರು ಗೋಗರೆದರು. ಪಾಪ, ಅವರೂ ನನ್ನ ಹಾಗೇ ಮೊಳೆ ನೋಡಿ ಬೆಳೆದವರು. ಒಂಬತ್ತನೇ ಮಂಚದ ಹೆಂಗಸಿಗೆ ಆಟೋ ಬಂದು ಕಾಯುತ್ತಿತ್ತು. ಹೀಗೆ ಹೀಗೆ ಎಂದು ವಿವರಿಸಿದೆ. ಆಕೆ ಆಟೋ ವಾಪಸ್ ಕಳಿಸಿ ಮಂಚದ ಮೇಲೆ ಕಾಲು ಮಡಚಿ ಕೂತಳು. ಅಳತೆ ಸರಿ ನೋಡದೆ ನಾನೂ ಬಟ್ಟೆ ಕತ್ತರಿಸಲ್ಲ ಎಂದಳು.

ಡಾಕ್ಟರಮ್ಮ ಕೂಡಲೇ ಬಂದರು. ಸರ್ಜನ್ನರು ಹನ್ನೊಂದೂಕಾಲಕ್ಕೆ ಬಂದರು, ಮುಖ ಕೆಂಪಗೆ. ಯಾರು ಹೇಳಿದ್ದು ಸಹಿ ಹಾಕಬೇಡಿ ಅಂತ ಎಂದು ಕೇಳಿದರು. ಯಾರೂ ಹೇಳಿಲ್ಲ, ವಿವರಿಸಲಾಗಿದೆ ಎಂದು ಕಾರ್ಡಿನಲ್ಲಿದೆ, ನನಗೇ ತಿಳಿಯದೆ ಹೇಗೆ ವಿವರಿಸಲಿ ಎಂದೆ. ಪೆನ್ನನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೆ. ಅವರು ಕಾರ್ಡನ್ನೂ ಚೀಟಿಯನ್ನೂ ಕಿತ್ತುಕೊಂಡು ಓದಿದರು. ಡಾಕ್ಟರಮ್ಮನೂ ಓದಿದರು. ಇಬ್ಬರೂ ಒಂದೇ ಮಂಚದ ಪಕ್ಕದಲ್ಲಿ ನಿಂತಿದ್ದರು.

ಮುಚ್ಚಿಡುವುದಿಲ್ಲ, ಎರಡೂ ಸರಿಯಾಗಿಯೇ ಇದ್ದವು. ಒಂದು ಮಾತ್ರೆಯೂ ಹೆಚ್ಚಿರಲಿಲ್ಲ. ಸರ್ಜನ್ನರು ಅವನ್ನು ಮೇಜಿನ ಮೇಲೆ ಎಸೆದು, ಎಲ್ಲಿದೆ ತಪ್ಪು, ತೋರಿಸಿ ಎಂದರು.

“ತಪ್ಪಿಲ್ಲ ಸರ್. ಸರಿ ಇದೆ ಅಂತ ಈಗ ಗೊತ್ತಾಯ್ತು. ಈಗ ಸಹಿ ಹಾಕ್ತೀನಿ,” ಎಂದು ಅವರೆದುರಿಗೇ ಹಾಕಿದೆ.

ಮರುದಿನ ನನ್ನೊಬ್ಬಳ ಹೆಸರಿಗೆ ನೋಟಿಸ್ ಬಂತು. ಡಿಸ್ಚಾರ್ಜ್ ವಿಳಂಬ ಮಾಡಿದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಬಾಯಿದ್ದವಳಿಗೆ ನೋಟಿಸ್. ಕೆಲಸ ಹೋದರೆ ಹೋಗಲಿ ಎಂದು ಕೂತು ಒಂದು ಹಾಳೆಯಲ್ಲಿ ಎಲ್ಲ ಬರೆದೆ. ಎರಡು ಮಾತ್ರೆ, ಮಿಸ್ತ್ರಿ ಕೇಳಿದ ಪ್ರಶ್ನೆ, ನನ್ನ ಉತ್ತರ, ನನ್ನ ಸಹಿ. ಮಿಸ್ತ್ರಿಯನ್ನು ಕೇಳಿಯೇ ಬರೆದೆ. ಹೆಸರು ಬೇಕಾದರೂ ಹಾಕಿ ಎಂದಿದ್ದರು, ನಾನು ಹಾಕಲಿಲ್ಲ. ಕೊಡುವ ಮುಂಚೆ, ಕೈಯ ಅಭ್ಯಾಸ ನೋಡಿ, ಒಂದು ಪ್ರತಿಯನ್ನು ಮೊಳೆಗೆ ಸಿಕ್ಕಿಸಿದ್ದೆ.

ಮೂರನೇ ದಿನ ಆಸ್ಪತ್ರೆಯ ಸೂಪರಿಂಟೆಂಡೆಂಟ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ಹಾಳೆಗಳ ಕಟ್ಟು. ನೋಟಿಸ್ ಕೊಟ್ಟದ್ದು ಒಬ್ಬರಿಗೆ, ಸಮಜಾಯಿಷಿ ಬಂದದ್ದು ಹದಿನೇಳು ಎಂದರು. ಮತ್ತೆ ನಕಲು ಮಾಡಿದರೇ ಎಂದು ನನ್ನ ಜೀವ ಬಾಯಿಗೆ ಬಂತು. ಈ ಹುಡುಗಿಯರಿಗೆ ಯಾವಾಗ ಬುದ್ಧಿ ಬರುತ್ತದೋ ಎಂದುಕೊಂಡು ಕಟ್ಟು ತೆಗೆದುಕೊಂಡೆ.

ಒಂದರಂತೆ ಇನ್ನೊಂದಿರಲಿಲ್ಲ. ಒಬ್ಬಳು ಅಲರ್ಜಿ ಇರುವ ರೋಗಿಯ ಬಗ್ಗೆ ಬರೆದಿದ್ದಳು, ಹೇಳಲು ಹೋಗಿ ಬೈಸಿಕೊಂಡ ದಿನದ ಸಮೇತ. ಇನ್ನೊಬ್ಬಳು ಪಥ್ಯದ ಚೀಟಿ ತಪ್ಪು ಮಂಚಕ್ಕೆ ಹೋದದ್ದನ್ನು. ನನಗೇ ಗೊತ್ತಿಲ್ಲದ್ದು ಎಷ್ಟೋ ಇತ್ತು. ಭದ್ರಾವತಿಯ ಕಾರ್ಖಾನೆ ಕಡೆಯ, ಮನೆಯಲ್ಲಿ ತಮಿಳು ಆಡುವ, ವಾರ್ಡಿನಲ್ಲಿ ಎಲ್ಲರಿಗಿಂತ ಕಿರಿಯ ಸಿಸ್ಟರ್ ಉದ್ದ ಬರೆದಿರಲಿಲ್ಲ. ವಕ್ರ ಕನ್ನಡ ಅಕ್ಷರದಲ್ಲಿ ಎರಡೇ ಸಾಲು: ‘ಹದಿನಾಲ್ಕನೇ ಹೇಳಿಕೆಯನ್ನು ಈಗ ಓದಿದೆ. ನಾನು ಸ್ವಲ್ಪವೂ ಒಪ್ಪುವುದಿಲ್ಲ.’

ಆ ಹದಿನೇಳು ಹಾಳೆಗಳಿಗೆ ಉತ್ತರ ಬಂದಿಲ್ಲ. ಜಂಟಿ ರೌಂಡ್ಸ್ ಇಲ್ಲವೆಂಬ ಆದೇಶ ನೋಟಿಸ್ ಬೋರ್ಡಿನಲ್ಲಿ ಹಳದಿಯಾಗುತ್ತಾ ಇನ್ನೂ ಇದೆ. ದಿನಾ ಹನ್ನೊಂದು ಗಂಟೆಗೆ ಸರ್ಜನ್ನರು ವಾಚು ನೋಡುತ್ತಾ ಬಂದು ಡಾಕ್ಟರಮ್ಮನ ಪಕ್ಕ ನಿಲ್ಲುತ್ತಾರೆ, ಯಾಕೆಂದರೆ ನಿಲ್ಲದಿದ್ದರೆ ನಾವು ಸಹಿ ಹಾಕುವುದಿಲ್ಲ. ಮೊದಲು ಮಾತಾಡುವವಳು ಸಿಸ್ಟರ್. ಮೊಳೆಗೆ ಈಗ ಡ್ಯೂಟಿ ಲಿಸ್ಟ್ ಮಾತ್ರ ಹಾಕುತ್ತೇವೆ.